ಮುದ್ದೆ ಸೀಮೆಯ ಹಲ್ಲು ಡಾಕ್ಟರು

ಹಲ್ಲಿನ ವೈದ್ಯಕೀಯ ಓದುವವರಿಗೆ ಕರ್ನಾಟಕದಲ್ಲಿ ಎಲ್ಲಕ್ಕಿಂತ ಅಪಥ್ಯವಾದ ಊರು ಯಾವುದು ಅಂತ ಯಾರಾದರೂ ಕೇಳಿದರೆ, ನಾನು ತಡಮಾಡದೆ ನಮ್ಮ ಆನೇಕಲ್ಲಿನ ಹೆಸರು ಕೊಡುತ್ತೇನೆ. ಜಿಗಣಿಯ ಗ್ರಾನೈಟ್ ಧೂಳನ್ನು ಕ್ಷಮಿಸಬಹುದು, ಚಂದಾಪುರದ ಟ್ರಾಫಿಕ್ಕನ್ನೂ ಕ್ಷಮಿಸಬಹುದು. ಆದರೆ ಇದು ಮುದ್ದೆ ಸೀಮೆ. ಮುದ್ದೆಯನ್ನು ಮುರಿಯಬೇಕು, ಸಾರಿನಲ್ಲಿ ಹೊರಳಿಸಬೇಕು, ನುಂಗಬೇಕು. ಅಗಿದರೆ ಅದು ಹಲ್ಲಿಗೆ ಮೆತ್ತಿಕೊಂಡು ಸೇಡು ತೀರಿಸಿಕೊಳ್ಳುತ್ತದೆ. ಪಂಕ್ತಿಯಲ್ಲಿ ಪಕ್ಕ ಕೂತವರು 'ಪಾಪ, ಸಿಟಿಯವನು' ಅಂತ ಕನಿಕರಿಸುತ್ತಾರೆ. ಹಲ್ಲಿಗೆ ಯಾವ ಜವಾಬ್ದಾರಿಯನ್ನೂ ವಹಿಸದೆ ಹೊಟ್ಟೆ ತುಂಬಿಸಿಕೊಳ್ಳುವ ವಿದ್ಯೆಯಲ್ಲಿ ಪಾರಂಗತರಾದ ಇಂಥ ಜನರ ನಡುವೆ ಕೂತು, ಅಗಿಯುವ ನಾಲ್ಕು ಜೋಡಿ ಸ್ನಾಯುಗಳು ಎಲ್ಲಿ ಹುಟ್ಟುತ್ತವೆ, ಎಲ್ಲಿ ಅಂಟುತ್ತವೆ, ಯಾವ ನರದ ಮಾತು ಕೇಳುತ್ತವೆ ಎಂದು ರಾತ್ರಿಯಿಡೀ ಉರು ಹೊಡೆಯುವ ಹುಡುಗನಿಗೆ ಏನನ್ನಿಸಬೇಕು?

ನಮ್ಮ ಬೀದಿಯಲ್ಲಿ ಅಂಥ ಒಬ್ಬ ಹುಡುಗ ಇದ್ದಾನೆ. ಊರು ಅವನನ್ನು ಕರೆಯುವುದು 'ಹಲ್ಲು' ಅಂತ. 'ಹಲ್ಲು ಬಂದ', 'ಹಲ್ಲು ಇನ್ನೂ ಊಟ ಮಾಡಿಲ್ಲ', 'ಹಲ್ಲಿಗೆ ಮೂರನೇ ವರ್ಷವಂತೆ'. ಅದೇ ಬೀದಿಯಲ್ಲಿ ಎಂಬಿಬಿಎಸ್ ಸೇರಿದವನಿಗೆ ಸೀಟು ಸಿಕ್ಕ ಸಂಜೆಯೇ 'ಡಾಕ್ಟ್ರು' ಅಂತ ನಾಮಕರಣವಾಯಿತು. ಅವನನ್ನು ಯಾರೂ 'ಕರುಳು' ಅಂತ ಕರೆದದ್ದು ಕೇಳಿಲ್ಲ.

ಮದುವೆ ಮನೆಗಳಲ್ಲಿ ಇವನ ಪಾಡು ನೋಡಬೇಕು. 'ಏನ್ ಓದ್ತಿದೀಯಪ್ಪ?' 'ಬಿಡಿಎಸ್.' 'ಹೋಗ್ಲಿ ಬಿಡು.' ದಂತ ವಿದ್ಯಾರ್ಥಿಗಳೆಲ್ಲ ಬಲ್ಲ ಆಶೀರ್ವಾದ ಇದು. ಒಂದಿಷ್ಟು ಅಂಕ ಜಾಸ್ತಿ ಬಂದಿದ್ದರೆ ಮನುಷ್ಯನಾಗುತ್ತಿದ್ದೆ ಅನ್ನುವುದು ಅದರ ತಾತ್ಪರ್ಯ. ಸೀಟುಗಳೇ ಖಾಲಿ ಬಿದ್ದು, ಅರ್ಹತಾ ಪರ್ಸೆಂಟೈಲನ್ನು ಹತ್ತರಷ್ಟು ಇಳಿಸಿ ಅಂತ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದ ಮೇಲಂತೂ ನೆಂಟರ ಕೈಗೆ ಕಾನೂನಿನ ಆಧಾರವೂ ಸಿಕ್ಕಿತು. ಆದರೆ 'ಹೋಗ್ಲಿ ಬಿಡು' ಅಂದ ಮಾವನೇ ಎರಡು ನಿಮಿಷ ಬಿಟ್ಟು, ಅರ್ಧ ಅಗಿದ ಮೈಸೂರು ಪಾಕಿನ ಸಮೇತ ಬಾಯಿ ಅಗಲಿಸಿ, 'ಇಲ್ಲೊಂಚೂರು ನೋಡು, ಎಡಗಡೆ, ಹಿಂದುಗಡೆ' ಅಂತ ಬೆರಳು ತೋರಿಸುತ್ತಾರೆ. ಎಂಬಿಬಿಎಸ್ ಹುಡುಗನ ಮುಂದೆ ಯಾರೂ ಪಂಕ್ತಿಯಲ್ಲಿ ಪಂಚೆ ಸಡಿಲಿಸಿ 'ಮೂಲವ್ಯಾಧಿ ನೋಡು' ಅನ್ನುವುದಿಲ್ಲವಲ್ಲ, ಅಷ್ಟರಮಟ್ಟಿಗೆ ಹಲ್ಲಿನವರು ಜನಪ್ರಿಯರು.

ಕಾಲೇಜು ಹೊಸೂರು ರಸ್ತೆಯಲ್ಲಿ. ಅಂದರೆ ಆನೇಕಲ್ಲಿನಿಂದ ಚಂದಾಪುರಕ್ಕೆ ಬಸ್ಸು, ಅಲ್ಲಿಂದ ಬೊಮ್ಮಸಂದ್ರಕ್ಕೆ ಇನ್ನೊಂದು, ಆಮೇಲೆ ಮೆಟ್ರೊ. 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಉದ್ಘಾಟನೆಯಾದಾಗ ನಮ್ಮ ತಾಲ್ಲೂಕಿಗೆ ಮೋಕ್ಷ ಬಂತು ಅಂದುಕೊಂಡೆವು. ಬಂದದ್ದು ಮೂರು ರೈಲು, ಇಪ್ಪತ್ತೈದು ನಿಮಿಷಕ್ಕೊಂದರಂತೆ. ಆ ಇಪ್ಪತ್ತೈದು ನಿಮಿಷದಲ್ಲಿ ಓದಿಕೊಳ್ಳಲು ಬೋರ್ಡುಗಳಿದ್ದವು: ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ, ಬಯೋಕಾನ್ ಹೆಬ್ಬಗೋಡಿ, ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ. ಕೋನಪ್ಪನಿಗೆ ಕೊನೆಗೂ ಒಂದು ಇನಿಷಿಯಲ್ ಸಿಕ್ಕಿತು. ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುವ ಗಾದೆಯನ್ನು ಹಲ್ಲಿನ ಬಗ್ಗೆ ಬರೆಯುವವರೆಲ್ಲ ಮೊದಲ ಸಾಲಿಗೇ ತಂದು ಕೂರಿಸುತ್ತಾರೆ. ದಿನಾ ಹೀಗೆ ಬಸ್ಸಿಗೆ ಓಡುವ ಈ ಹುಡುಗನ ವಿಷಯದಲ್ಲಿ ಅದು ಸುಳ್ಳು. ಪೊಟ್ಟಣದಲ್ಲಿ ಕಡಲೆಯೂ ಇರುತ್ತದೆ, ಬಾಯಲ್ಲಿ ಮೂವತ್ತೆರಡೂ ಗಟ್ಟಿಯಾಗಿವೆ. ತೆಗೆದು ಬಾಯಿಗೆ ಹಾಕುವಷ್ಟರಲ್ಲಿ ಬಸ್ಸು ಬಂದುಬಿಡುತ್ತದೆ.

ಮೊದಲ ವರ್ಷದ ಓದು ಅಡುಗೆ ಮನೆಯ ಮೇಲೆ ನಡೆಯುವ ದಾಳಿ. ಬಿಡಿಎಸ್ ಸೇರಿದವರು ಮನುಷ್ಯರ ಕಿತ್ತ ಹಲ್ಲುಗಳನ್ನು ಸಂಗ್ರಹಿಸಬೇಕು. ಊರಿನ ಕ್ಲಿನಿಕ್ಕುಗಳಿಗೆ ಹೋಗಿ, ಜಾತ್ರೆಗೆ ಚಂದಾ ಎತ್ತುವವರ ಮುಖಭಾವದಲ್ಲಿ ನಿಂತು, 'ಸಾರ್, ದವಡೆ ಹಲ್ಲು ಇದ್ದರೆ' ಅಂತ ಬೇಡಬೇಕು. ಸಿಕ್ಕಿದ್ದನ್ನು ಔಷಧಿ ನೀರಿರುವ ಬಾಟಲಿಯಲ್ಲಿ ಹಾಕಿಡಬೇಕು. ನಮ್ಮ ಹುಡುಗ ಅದನ್ನು ಇಟ್ಟದ್ದು ಮಾವಿನ ಮಿಡಿಯ ಜಾಡಿಯ ಪಕ್ಕದಲ್ಲಿ. ಅವನ ಅಜ್ಜಿ ಕನ್ನಡಕವಿಲ್ಲದೆ ಉಪ್ಪಿನಕಾಯಿಗೆ ಕೈ ಹಾಕಿದ ಆ ಮಧ್ಯಾಹ್ನದ ವಿವರಗಳನ್ನು ಓದುಗರ ಊಟದ ಹಿತದೃಷ್ಟಿಯಿಂದ ಬಿಡುತ್ತೇನೆ.

ಆಮೇಲೆ ಮೇಣ. ಮೇಣದ ಗಟ್ಟಿಯಲ್ಲಿ ಒಂದೊಂದೇ ಹಲ್ಲು ಕೆತ್ತಬೇಕು, ಏಣು, ಗುಣಿ, ಗೀರು ಒಂದೂ ತಪ್ಪದಂತೆ. ಬೇಲೂರಿನಲ್ಲಿ ಮದನಿಕೆಯರನ್ನು ಕೆತ್ತಿದವರು ಕೆಳಗೆ ತಮ್ಮ ಹೆಸರನ್ನೂ ಕೆತ್ತಿಕೊಂಡರು. ಮೇಲ್ದವಡೆಯ ಮೊದಲ ದವಡೆ ಹಲ್ಲು ಕೆತ್ತಿದವನಿಗೆ ಸಿಗುವುದು 'ಇದು ಹಲ್ಲೋ, ಹಲಸಿನ ಬೀಜವೋ' ಎಂಬ ಮೇಷ್ಟರ ಪ್ರಶ್ನೆ. ಅಚ್ಚು ತೆಗೆಯುವ ಆಲ್ಜಿನೇಟ್ ಎಂಬ ಪುಡಿ ಸಮುದ್ರದ ಪಾಚಿಯಿಂದ ಬರುತ್ತದೆ. ರಬ್ಬರ್ ಬಟ್ಟಲಿಗೆ ಹಾಕಿ, ನೀರು ಬೆರೆಸಿ, ಬಟ್ಟಲಿನ ಗೋಡೆಗೆ ತಿಕ್ಕಿ ತಿಕ್ಕಿ ಗಂಟಿಲ್ಲದಂತೆ ಕಲಸಬೇಕು. ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಇದನ್ನು ಹುಡುಗ ಮನೆಯಲ್ಲಿ ಅಭ್ಯಾಸ ಮಾಡುವಾಗ ಅವನಮ್ಮ ನಿಂತು ನೋಡಿದರು. 'ಹಿಟ್ಟು ಇಷ್ಟು ಬೇಗ ಬಿಗಿಯಾದ್ರೆ ಮುದ್ದೆ ಕೆಟ್ಟು ಹೋಗುತ್ತೆ ಕಣೋ' ಅಂದರು. ದಿನಾ ಸಂಜೆ ಕೋಲು ಹಿಡಿದು ಹಿಟ್ಟು ತೊಳಸುವ ಆ ತೋಳುಗಳಿಗೆ ಕಾಲೇಜಿನವರು ಒಂದು ಗೌರವ ಡಾಕ್ಟರೇಟ್ ಕೊಟ್ಟರೆ ತಪ್ಪಿಲ್ಲ.

ವಾಸನೆಯ ಕಥೆ ಬೇರೆ. ಹಲ್ಲಿನ ತೂತಿಗೆ ತಾತ್ಕಾಲಿಕವಾಗಿ ಮೆತ್ತುವ ಔಷಧಿಯಲ್ಲಿ ಯೂಜಿನಾಲ್ ಇರುತ್ತದೆ, ಅಂದರೆ ಲವಂಗದ ಎಣ್ಣೆಯ ಸತ್ವ. ಬೆರಳಿಗೆ ಅಂಟಿದರೆ ಸೋಪಿಗೂ ಜಗ್ಗುವುದಿಲ್ಲ. ಇಡೀ ದಿನ ಲವಂಗದ ಘಮ ಮೂಗಿಗೆ ಹೊಡೆಯುತ್ತಿದ್ದರೆ ಓದು ತಲೆಗೆ ಹತ್ತುತ್ತದೆಯೇ? ಮಧ್ಯಾಹ್ನ ಮೂರೂವರೆಯ ಕ್ಲಾಸಿನಲ್ಲಿ ಅರ್ಧ ಬ್ಯಾಚು ಮೌನವಾಗಿ ಬಿರಿಯಾನಿಯ ಧ್ಯಾನದಲ್ಲಿರುತ್ತದೆ. ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೊಸಕೋಟೆಯ ಬಿರಿಯಾನಿ ಕ್ಯೂನಲ್ಲಿ ನಿಲ್ಲುವವರಲ್ಲಿ ಸಾಫ್ಟ್‌ವೇರಿನವರೇ ಜಾಸ್ತಿ ಅಂತ ಜನ ತಿಳಿದಿದ್ದಾರೆ. ಅವರ ಕೈ ಮೂಸಿ ನೋಡಬೇಕು.

ಇವನ ನಿಜವಾದ ಅನಾಟಮಿ ಲ್ಯಾಬು ಮಿಲಿಟರಿ ಹೋಟೆಲು. ತಲೆಮಾಂಸ ತಟ್ಟೆಗೆ ಬಿದ್ದ ಕೂಡಲೇ ಬೇರೆಯವರು ಮುದ್ದೆ ಮುರಿಯುತ್ತಾರೆ, ಇವನು ಮೂಳೆ ಎತ್ತಿ ಬೆಳಕಿಗೆ ಹಿಡಿಯುತ್ತಾನೆ. ಇದು ಕೆಳದವಡೆ, ಇಲ್ಲಿ ನರ ಹೊರಬರುವ ಕಿಂಡಿ, ಇಗೋ ಕೆನ್ನೆಯ ಸ್ನಾಯು ಮ್ಯಾಸೆಟರ್. ಎದುರಿಗೆ ಕೂತ ಗೆಳೆಯರಿಗೆ ಜ್ಞಾನ ಹಂಚುತ್ತಾನೆ: ಕುರಿಗೆ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲುಗಳೇ ಇಲ್ಲ, ಗಟ್ಟಿ ಒಸಡಿನ ಮೆತ್ತೆ ಅಷ್ಟೇ. ಅಷ್ಟಿಟ್ಟುಕೊಂಡೇ ಅದು ಗಂಟೆಗಟ್ಟಲೆ ಮೆಲುಕು ಹಾಕುತ್ತದೆ, ಯಾವ ಡಾಕ್ಟರ ಹತ್ತಿರವೂ ಹೋಗುವುದಿಲ್ಲ. ಹಾಗೆ ಮೆಲುಕು ಹಾಕಿ ಹಾಕಿ ಗಟ್ಟಿಯಾದ ಕೆನ್ನೆಯ ಸ್ನಾಯುವೇ ತಟ್ಟೆಯಲ್ಲಿ ಎಲ್ಲಕ್ಕಿಂತ ರುಚಿ. ಅಂದರೆ ನೀತಿಯಿಂದ, ನಿಧಾನವಾಗಿ, ಎರಡೂ ಕಡೆ ಅಗಿದು ತಿಂದ ಪ್ರಾಣಿಯ ಕೆನ್ನೆಯನ್ನು ಅಗಿಯದೆ ನುಂಗುವ ಪ್ರಾಣಿಗಳು ತಿನ್ನುತ್ತಿವೆ. ಈ ಮಾತನ್ನು ಅವನು ಜೋರಾಗಿ ಹೇಳಿದಾಗ ಹೋಟೆಲಿನವರು ಬಂದು 'ಅಣ್ಣಾ, ತಿನ್ನೋರು ಕಾಯ್ತವ್ರೆ, ಟೇಬಲ್ ಬಿಡಿ' ಅಂದರು. ವಿದ್ವತ್ತಿಗೆ ಇಲ್ಲಿ ಅಷ್ಟೇ ಬೆಲೆ.

ಹಾಸ್ಟೆಲ್ಲಿನ ಸಹವಾಸದಿಂದ ಅವನಿಗೆ ಇನ್ನೊಂದು ಜ್ಞಾನೋದಯವಾಗಿದೆ. ಕರ್ನಾಟಕದ ಏಕೀಕರಣ 1956ರಲ್ಲಿ ಆಯಿತು ಅಂತ ಪುಸ್ತಕದಲ್ಲಿದೆ. ದವಡೆಯ ಮಟ್ಟಿಗೆ ಇನ್ನೂ ಆಗಿಲ್ಲ. ಬಾಗಲಕೋಟೆಯ ಹುಡುಗ ಊರಿನಿಂದ ಬರುವಾಗ ಖಡಕ್ ರೊಟ್ಟಿಯ ಅಟ್ಟಿಯನ್ನೇ ಬಟ್ಟೆಯಲ್ಲಿ ಕಟ್ಟಿಕೊಂಡು ಬರುತ್ತಾನೆ. ಅವನು ಶೇಂಗಾ ಹಿಂಡಿ ಹಚ್ಚಿ ಒಂದು ಮುರಿದರೆ ಪಕ್ಕದ ಕೋಣೆಯವರು ಪುಸ್ತಕ ಮುಚ್ಚಿ ಏನು ಒಡೆಯಿತೆಂದು ನೋಡಲು ಬರುತ್ತಾರೆ. ಮಂಗಳೂರಿನವರು ಕೋರಿ ರೊಟ್ಟಿಯನ್ನು ಹಪ್ಪಳಕ್ಕಿಂತ ಗರಿಗರಿಯಾಗಿ ಮಾಡಿ, ಆಮೇಲೆ ಕೋಳಿ ಸಾರು ಸುರಿದು, ಅದು ಮೆತ್ತಗಾಗುವವರೆಗೆ ಕಾಯುತ್ತಾರೆ. ಹಾಗಿದ್ದ ಮೇಲೆ ಗರಿಗರಿ ಮಾಡಿದ್ದು ಯಾಕೆ ಅಂತ ಕೇಳಬಾರದು, ಜಗಳವಾಗುತ್ತದೆ. ನಾವು ಹಳೇ ಮೈಸೂರಿನವರು ಇದಾವ ರಗಳೆಯೂ ಇಲ್ಲದೆ ನುಂಗಿ ಕೈ ತೊಳೆಯುತ್ತೇವೆ. ನುಂಗುವುದು ನಮಗೆ ಊಟದಲ್ಲಷ್ಟೇ ಒಲಿದ ವಿದ್ಯೆಯಲ್ಲ. ನಮ್ಮ ತಾಲ್ಲೂಕಿನ ಕೆರೆಗಳು ಎಲ್ಲಿ ಹೋದವು ಅಂತ ಹುಡುಕಿದರೆ ಯಾವ ಲೇಔಟಿನ ಮೇಲೂ ಹಲ್ಲಿನ ಗುರುತು ಕಾಣುವುದಿಲ್ಲ.

ಚಳಿಗಾಲ ಬಂದರೆ ಮಾತ್ರ ಆನೇಕಲ್ಲಿನ ಹುಡುಗನಿಗೆ ಹಾಸ್ಟೆಲ್ಲಿನಲ್ಲಿ ರಾಜಮರ್ಯಾದೆ. ಸೊಗಡು ಅವರೆಯ ಕಾಲ. ಅಮ್ಮ, ಅಜ್ಜಿ, ಪಕ್ಕದ ಮನೆಯವರು ಮೂವರೂ ಟಿವಿ ಮುಂದೆ ಕೂತು ನೆನೆಸಿದ ಕಾಳನ್ನು ಹೆಬ್ಬೆರಳಲ್ಲಿ ಹಿತುಕುತ್ತಾರೆ. ಧಾರಾವಾಹಿಯ ಸೊಸೆ ಅಳುವ ಹೊತ್ತಿಗೆ ಬೇಳೆ ಒಂದು ಬೋಗುಣಿ ಆಗಿರುತ್ತದೆ. ಹಿತಕಿದ ಬೇಳೆ ಸಾರಿನ ಡಬ್ಬಿ ತೆರೆದರೆ ಬಾಗಲಕೋಟೆಯವನೂ ಮಂಗಳೂರಿನವನೂ ಒಂದೇ ಡಬ್ಬಿಗೆ ಕೈ ಹಾಕುತ್ತಾರೆ. ಏಕೀಕರಣಕ್ಕೆ ಚಳವಳಿ ಬೇಕಾಗಿರಲಿಲ್ಲ, ಅವರೆಕಾಯಿ ಸಾಕಿತ್ತು ಅಂತ ನನಗನ್ನಿಸುವುದು ಆಗಲೇ.

ಓದಿನ ಇನ್ನೊಂದು ಭಾಗ ಹೊಟ್ಟೆಯ ವಿರುದ್ಧವೇ ಇದೆ. ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಬಾಯಿ ಹುಳಿಯಾಗುತ್ತದೆ, ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಪದರ ಕರಗಲು ಶುರು. ಮತ್ತೆ ಸರಿಹೋಗಲು ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕು. ರಾಬರ್ಟ್ ಸ್ಟೀಫನ್ ಎಂಬ ಅಮೆರಿಕದವನು 1940ರ ದಶಕದಲ್ಲಿ ಇದನ್ನು ಗೆರೆ ಎಳೆದು ತೋರಿಸಿದ. ಎಷ್ಟು ತಿಂದೆ ಅನ್ನುವುದಕ್ಕಿಂತ ಎಷ್ಟು ಸಲ ತಿಂದೆ ಅನ್ನುವುದೇ ದೊಡ್ಡ ಪಾಪ. ಈಗ ನಮ್ಮ ಬೈಟು ಕಾಫಿಯನ್ನು ಯೋಚಿಸಿ. ಒಂದು ಲೋಟವನ್ನು ಎರಡು ಮಾಡಿ, ಉಳಿತಾಯ ಮಾಡಿದೆವೆಂದು ಹಿಗ್ಗಿ, ಆ ಹಿಗ್ಗಿನಲ್ಲಿ ಗಂಟೆಗೊಂದು ಸಲ ಕುಡಿಯುವ ಪದ್ಧತಿ. ಸ್ಟೀಫನ್ನನ ಗೆರೆ ಆನೇಕಲ್ ಬಸ್ ನಿಲ್ದಾಣದ ಎದುರು ಕೂತರೆ ಬೆಳಿಗ್ಗೆ ಆರಕ್ಕೆ ಇಳಿದದ್ದು ರಾತ್ರಿ ಒಂಬತ್ತರವರೆಗೆ ಮೇಲೇಳುವುದಿಲ್ಲ. ನಮ್ಮ ಹುಡುಗ ಇದನ್ನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಬಂದು, ಗೆಳೆಯನ ಜೊತೆ ನಿಂತು, 'ಅಣ್ಣ, ಒಂದು ಬೈಟು, ಸಕ್ರೆ ಮುಂದೆ' ಅನ್ನುತ್ತಾನೆ.

ಸ್ವೀಡನ್ನಿನಲ್ಲಿ ಒಂದು ಕಾಲಕ್ಕೆ ಇನ್ನೂ ಭೀಕರವಾದದ್ದು ನಡೆಯಿತು. ವಿಪೆಹೋಮ್ ಎಂಬ ಆಸ್ಪತ್ರೆಯಲ್ಲಿದ್ದ ಬುದ್ಧಿಮಾಂದ್ಯರಿಗೆ ವರ್ಷಗಟ್ಟಲೆ ಅಂಟು ಟಾಫಿ ತಿನ್ನಿಸಿ, ಹಲ್ಲು ಹುಳುಕಾಗುವುದನ್ನು ಎಣಿಸಿ, 1954ರಲ್ಲಿ ವರದಿ ಬರೆದರು. ಇವತ್ತಿಗೂ ಅದು ಐದು ಅಂಕದ ಪ್ರಶ್ನೆ. ಒಪ್ಪಿಗೆ ಕೇಳದೆ ಯಾರ ಬಾಯಿಯನ್ನೋ ಹಾಳು ಮಾಡಿದ್ದಕ್ಕೆ ಐದು ಅಂಕ ಸಾಕೇ ಎಂದು ಯಾವ ಪರೀಕ್ಷಕರೂ ಕೇಳುವುದಿಲ್ಲ. ಆ ದೇಶದವರು ಮಾತ್ರ ಪಾಠ ಕಲಿತು, ಮಕ್ಕಳಿಗೆ ಸಿಹಿ ಶನಿವಾರ ಮಾತ್ರ ಅಂತ ರೂಢಿ ಮಾಡಿಕೊಂಡರು. ನಮ್ಮಲ್ಲೂ ಶನಿವಾರಕ್ಕೆ ಶಿಸ್ತಿದೆ, ಒಪ್ಪೊತ್ತು. ಆ ದಿನ ಅನ್ನ ಮುಟ್ಟುವುದಿಲ್ಲ. ಕೇಸರಿಬಾತು, ಸಜ್ಜಿಗೆ, ಬಾಳೆಹಣ್ಣಿನ ರಸಾಯನ ಇಷ್ಟರಲ್ಲೇ ದೇಹ ದಂಡಿಸುತ್ತೇವೆ.

ಹಾಗಂತ ಹಲ್ಲಿನವರಿಗೂ ಸಿಹಿಗೂ ಹಗೆ ಅಂತ ತಿಳಿಯಬೇಡಿ. ಬಹಳ ಹಳೆಯ ಬೀಗತನ ಅದು. ಭಾರತದ ಮೊದಲ ದಂತ ಕಾಲೇಜನ್ನು 1920ರಲ್ಲಿ ಕಲ್ಕತ್ತೆಯಲ್ಲಿ ಕಟ್ಟಿದವರು ಡಾ. ರಫಿಉದ್ದೀನ್ ಅಹ್ಮದ್. ಅಮೆರಿಕದ ಅಯೋವಾದಲ್ಲಿ ಓದಿ ಬಂದವರು. ಅವರ ಹುಟ್ಟುಹಬ್ಬ ಡಿಸೆಂಬರ್ 24ನ್ನೇ ದೇಶದ ದಂತವೈದ್ಯರ ದಿನವಾಗಿ ಆಚರಿಸುತ್ತಾರೆ. ಕಾಲೇಜಿಗೆ ದುಡ್ಡು ಹೊಂದಿಸಲು ಅವರು ಶುರು ಮಾಡಿದ್ದು ನ್ಯೂಯಾರ್ಕ್ ಸೋಡಾ ಫೌಂಟನ್ ಎಂಬ ತಂಪು ಪಾನೀಯದ ಅಂಗಡಿ. ಮುಂಬಾಗಿಲಲ್ಲಿ ಸಿಹಿ ಸೋಡಾ, ಆ ದುಡ್ಡಿನಲ್ಲಿ ಹಿಂಬಾಗಿಲ ವಿದ್ಯಾದಾನ. ಡೊನೇಷನ್ ಎಂಬ ಸುಲಭದ ಉಪಾಯ ಪಾಪ ಆ ಮಹಾನುಭಾವರಿಗೆ ಹೊಳೆದಿರಲಿಲ್ಲ. ಇನ್ನು ಹುಸ್ಕೂರು ಮದ್ದೂರಮ್ಮನ ಜಾತ್ರೆಯಲ್ಲಿ, ಆನೇಕಲ್ ಕರಗದಲ್ಲಿ ಮಕ್ಕಳು ಕೈಕೆನ್ನೆಗೆಲ್ಲ ಅಂಟಿಸಿಕೊಂಡು ತಿನ್ನುವ ಬಾಂಬೆ ಮಿಠಾಯಿ ಇದೆಯಲ್ಲ, ಅದನ್ನು ನೂಲುವ ಯಂತ್ರ ಕಂಡುಹಿಡಿದವನು ಬಾಂಬೆಯವನಲ್ಲ. ಅಮೆರಿಕದ ನ್ಯಾಶ್‌ವಿಲ್ಲಿನ ವಿಲಿಯಂ ಮಾರಿಸನ್, ಕಸುಬು, ದಂತವೈದ್ಯ. 1897ರಲ್ಲಿ ಮಿಠಾಯಿ ಮಾಡುವವನೊಬ್ಬನ ಜೊತೆ ಸೇರಿ ಮಾಡಿದ ಯಂತ್ರ ಅದು. 1904ರ ಸೇಂಟ್ ಲೂಯಿ ಜಾಗತಿಕ ಮೇಳದಲ್ಲಿ ಅರವತ್ತೆಂಟು ಸಾವಿರಕ್ಕೂ ಹೆಚ್ಚು ಡಬ್ಬಿ ಮಾರಿದರು. ಮುಂದಾಲೋಚನೆ ಅಂದರೆ ಹೀಗಿರಬೇಕು. ನಮ್ಮ ಸರ್ಕಾರ 2024ರ ಮಾರ್ಚಿನಲ್ಲಿ ಬಾಂಬೆ ಮಿಠಾಯಿಯನ್ನೂ ಗೋಬಿ ಮಂಚೂರಿಯನ್ನೂ ಒಂದೇ ಆದೇಶದಲ್ಲಿ ಹಿಡಿದು ಕೃತಕ ಬಣ್ಣ ನಿಷೇಧಿಸಿತು. ಬಣ್ಣ ಹೋಯಿತು, ಸಕ್ಕರೆ ಕಾನೂನುಬದ್ಧವಾಗಿ ಉಳಿಯಿತು, ಮಾರಿಸನ್ನನ ಕುಲಬಾಂಧವರಿಗೆ ಯಾವ ನಷ್ಟವೂ ಆಗಲಿಲ್ಲ.

ಮೂರನೇ ವರ್ಷದಿಂದ ಕೋಟಾ ಶುರು. ಮೀಸಲಾತಿಯ ಕೋಟಾ ಅಂದುಕೊಂಡು ಯಾರೂ ಬೀದಿಗಿಳಿಯಬೇಡಿ. ಇದು ಹಲ್ಲಿನ ಕೋಟಾ. ವರ್ಷ ಮುಗಿಯುವುದರೊಳಗೆ ಇಷ್ಟು ಕೀಳಬೇಕು, ಇಷ್ಟು ತುಂಬಬೇಕು, ಇಷ್ಟು ಪೂರ್ಣ ಸೆಟ್ಟು ಕಟ್ಟಬೇಕು. ಮುಗಿಸದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅಲ್ಲಿಗೆ ವೈದ್ಯನನ್ನು ರೋಗಿ ಹುಡುಕಿಕೊಂಡು ಬರುವ ಸನಾತನ ಪದ್ಧತಿ ತಲೆಕೆಳಗಾಯಿತು. ಬಸ್ಸಿನಲ್ಲಿ ಪಕ್ಕದವರು ಆಕಳಿಸಿದರೆ ಇವರ ಕಣ್ಣು ಹೊಳೆಯುತ್ತದೆ. ಹುಡುಗಿ ನೋಡಿ ನಕ್ಕರೆ ಇವನಿಗೆ ಕಾಣುವುದು ಮೇಲೆ ಬಲಗಡೆ ಎರಡನೆಯದು ಸ್ವಲ್ಪ ತಿರುಗಿದೆ ಅನ್ನುವುದು. ಪ್ರೇಮ ಪ್ರಕರಣಗಳು ಮುಂದುವರಿಯುವುದು ಕಷ್ಟ.

ಒಂದೇ ಬಾಯಿ ಇಬ್ಬರಿಗೆ ಸಿಕ್ಕಾಗ ನಡೆಯುವ ನಾಟಕವನ್ನು ಯಾರಾದರೂ ರಂಗಕ್ಕೆ ತರಬೇಕು. ತುಂಬುವ ಕೋಟಾ ಬಾಕಿ ಇರುವವನು 'ಈ ಹಲ್ಲು ಉಳಿಯುತ್ತೆ, ಉಳಿಸಲೇಬೇಕು' ಅನ್ನುತ್ತಾನೆ. ಕೀಳುವ ಕೋಟಾ ಬಾಕಿ ಇರುವವನು 'ಬೇರಿಗೇ ಹೋಗಿದೆ, ಇಟ್ಟುಕೊಂಡರೆ ಅಪಾಯ' ಅನ್ನುತ್ತಾನೆ. ಇಬ್ಬರೂ ಒಂದೇ ಪುಸ್ತಕ ಓದಿದವರು. ಬಾಯಿ ತೆರೆದುಕೊಂಡು ಮಲಗಿದವನು ಹೆಬ್ಬಗೋಡಿಯ ಗಾರ್ಮೆಂಟಿನವನೋ, ಜಿಗಣಿಯ ಗ್ರಾನೈಟ್ ಕಾರ್ಖಾನೆಯವನೋ ಆಗಿರುತ್ತಾನೆ. ಅರ್ಧ ದಿನದ ಕೂಲಿ ಬಿಟ್ಟು ಬಂದವನಿಗೆ ತನ್ನ ಹಲ್ಲಿನ ಹಣೆಬರಹ ನಿರ್ಧಾರವಾಗುವುದು ಯಾರ ರೆಕಾರ್ಡ್ ಪುಸ್ತಕದಲ್ಲಿ ಎಷ್ಟು ಸಹಿ ಬಾಕಿ ಇದೆ ಎಂಬುದರ ಮೇಲೆ ಅಂತ ಹೇಗೆ ಗೊತ್ತಾಗಬೇಕು? ಗ್ರಾನೈಟಿನವನು ಬೇರೆ ವಿಷಯದಲ್ಲಿ ಚುರುಕು. ಡ್ರಿಲ್ಲಿನ ತುದಿಯಲ್ಲಿರುವುದು ವಜ್ರದ ಹರಳು, ನಿಮಿಷಕ್ಕೆ ಮೂರು ಲಕ್ಷ ಸುತ್ತು ತಿರುಗುತ್ತೆ ಅಂತ ಹುಡುಗ ಹೆಮ್ಮೆಯಿಂದ ವಿವರಿಸಿದಾಗ ಅವನು ಕೇಳಿದನಂತೆ: 'ನಮ್ದೂ ಡೈಮಂಡೇ. ನಿಮ್ದು ಎಷ್ಟು ಎಚ್‌ಪಿ?'

ಇದೇ ರಸ್ತೆಯಲ್ಲಿ ತಮಾಷೆ ನಿಂತುಹೋಗುವ ಬಾಯಿಗಳೂ ಬರುತ್ತವೆ. ನೆಟ್ಟಗಿರುವ ಬಾಯಲ್ಲಿ ಮೂರು ಬೆರಳು ಮೇಲೆ ಕೆಳಗೆ ಹಿಡಿಸಬೇಕು. ಇವು ಒಂದು ಬೆರಳಿಗೂ ತೆರೆಯುವುದಿಲ್ಲ. ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ಕೆನ್ನೆಯಲ್ಲಿಟ್ಟುಕೊಂಡ ಅಡಿಕೆ, ತಂಬಾಕು. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆಮೇಲೆ ಅದು ಎರಡು ಪೊಟ್ಟಣವಾಗಿ ಮರುಜನ್ಮ ಪಡೆಯಿತು: ಒಂದರಲ್ಲಿ ಪಾನ್ ಮಸಾಲ, ಇನ್ನೊಂದರಲ್ಲಿ ತಂಬಾಕು, ಎರಡೂ ಒಂದೇ ಅಂಗಡಿಯಲ್ಲಿ ಒಂದೇ ದಾರದಲ್ಲಿ ನೇತಾಡುತ್ತವೆ. ಕಾನೂನು ಬೇರೆ ಮಾಡಿದ್ದನ್ನು ಕೂಡಿಸುವ ಕೆಲಸ ಕೂಲಿಯವನ ಅಂಗೈಗೆ ಬಿಟ್ಟಿದ್ದಾರೆ. ಹೃದಯ ಕೆಟ್ಟರೆ ಢಾಕಾದಿಂದ ಬೊಮ್ಮಸಂದ್ರಕ್ಕೆ ಬರುತ್ತಾರೆ. ಅಲ್ಲಿನ ಹೃದಯದ ಆಸ್ಪತ್ರೆಯ ಸುತ್ತ ಬಂಗಾಳಿ ಬೋರ್ಡುಗಳು, ಮೀನೂಟದ ಮೆಸ್ಸುಗಳು ಬೆಳೆದು ನಿಂತಿವೆ. ನಮ್ಮ ಹುಡುಗನಿಗೆ ಅಲ್ಲಿನ ಅನ್ನ, ಸಾಸಿವೆ ಮೀನು ಪ್ರಾಣ. ಹಲ್ಲು ಕೆಟ್ಟರೆ ಮಾತ್ರ ಬೊಮ್ಮಸಂದ್ರದವನು ಪಕ್ಕದ ಅಂಗಡಿಯಲ್ಲಿ ಒಂದು ರೂಪಾಯಿ ಲವಂಗ ಕೇಳುತ್ತಾನೆ.

ಕೋಟಾಗಳಲ್ಲೆಲ್ಲ ಮಹಾ ಬೇಟೆ ಪೂರ್ಣ ಸೆಟ್ಟು. ಒಂದೂ ಹಲ್ಲಿಲ್ಲದ, ಆದರೆ ಐದಾರು ಸಲ ಕಾಲೇಜಿಗೆ ಬರುವಷ್ಟು ಗಟ್ಟಿಮುಟ್ಟಾದ ಮುದುಕರು ಬೇಕು. ಆನೇಕಲ್ ಹುಡುಗನ ಏಕೈಕ ಆಸ್ತಿ ಅಂದರೆ ಇದು. ಸಿಟಿಯ ಸಹಪಾಠಿಗಳ ಬಳಿ ಕಾರಿದೆ, ಇವನ ಬಳಿ ಬೊಚ್ಚು ಬಾಯಿಗಳ ಪಟ್ಟಿ ಇದೆ. ಸರ್ಜಾಪುರ, ಅತ್ತಿಬೆಲೆಯ ಕಡೆಗೂ ಅವನ ಜಾಲ ಹರಡಿದೆ. ಮುತ್ಯಾಲಮಡುವಿನ ಕಡೆಯ ಹಳ್ಳಿಯೊಂದರಿಂದ ಒಬ್ಬ ಅಜ್ಜಿಯನ್ನು ಹಿಡಿದು ತಂದ. ಮೊದಲ ದಿನ ಅಚ್ಚು, ಎರಡನೇ ಸಲ ಇನ್ನೊಂದು ಅಚ್ಚು, ಮೂರನೇ ಸಲ ಮೇಣದ ದಿಂಡು ಕಚ್ಚಿಸಿ ಅಳತೆ, ನಾಲ್ಕನೇ ಸಲ ಹಲ್ಲು ಜೋಡಿಸಿ ನೋಡುವುದು, ಐದನೇ ಸಲ ಕೊಡುವುದು. ಪ್ರತಿ ಸಲವೂ ಆಟೋ ಇವನದು, ಕಾಫಿ ಇವನದು, ಮಧ್ಯಾಹ್ನದ ಊಟ ಇವನದು, ಸಂಜೆ ಮೊಮ್ಮಗನಿಗೆ ಬನ್ನು ಇವನದು. ರಾಜಕೀಯ ಸಮಾವೇಶಕ್ಕೆ ಜನ ಕರೆತರುವವರು ಇದಕ್ಕಿಂತ ಅಗ್ಗದಲ್ಲಿ ಮುಗಿಸುತ್ತಾರೆ. ಅಜ್ಜಿಗೆ ಇದೆಲ್ಲ ಎಷ್ಟು ಹಿಡಿಸಿತೆಂದರೆ, ನಾಲ್ಕನೇ ಸಲ 'ಸರಿಯಾಗಿ ಕೂರ್ತಿಲ್ಲ ಮಗ, ಇನ್ನೊಂದ್ ದಪ ಬತ್ತೀನಿ' ಅಂದರು.

ಕೊನೆಗೆ ಸೆಟ್ಟು ಕೈಗೆ ಬಂತು. ಹುಡುಗ ಪುಸ್ತಕದಲ್ಲಿದ್ದ ಸೂಚನೆಗಳನ್ನೆಲ್ಲ ಒಪ್ಪಿಸಿದ. ಮೊದಲು ಮೆತ್ತಗಿನದು ತಿನ್ನಿ, ಸಣ್ಣ ತುತ್ತು ಮಾಡಿ, ಎರಡೂ ಕಡೆ ನಿಧಾನವಾಗಿ ಅಗಿಯಿರಿ, ರಾತ್ರಿ ತೆಗೆದು ನೀರಲ್ಲಿಡಿ. ಅಜ್ಜಿ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದರು: 'ಅಲ್ಲಾ ಕಣಪ್ಪ, ಮುದ್ದೇನ ಯಾರಾದ್ರೂ ಅಗೀತಾರಾ?' ಐದು ವರ್ಷದ ಪಠ್ಯಕ್ರಮದಲ್ಲಿ ಇದಕ್ಕೆ ಉತ್ತರವಿಲ್ಲ. ಸೆಟ್ಟು ಈಗ ದೇವರ ಗೂಡಿನಲ್ಲಿ ಸ್ಟೀಲ್ ಡಬ್ಬಿಯೊಳಗಿದೆ. ಮದುವೆ, ನಾಮಕರಣ, ಮತದಾನ ಈ ಮೂರಕ್ಕೆ ಹೊರಬರುತ್ತದೆ. ಊಟಕ್ಕೆ ಕೂರುವಾಗ ಅಜ್ಜಿ ಅದನ್ನು ತೆಗೆದು ಸೆರಗಿಗೆ ಕಟ್ಟಿಕೊಂಡು, ಆರಾಮವಾಗಿ ನುಂಗುತ್ತಾರೆ.

ಸರ್ಕಾರವೂ ಹೀಗೇ ಸೆಟ್ಟು ಹಂಚಿತ್ತು. 2013ರಲ್ಲಿ ಅನ್ನಭಾಗ್ಯ ಬಂತು, ಅದರ ಬೆನ್ನಿಗೆ ಕ್ಷೀರಭಾಗ್ಯ, ಆಮೇಲೆ ಬಡ ಹಿರಿಯರಿಗೆ ಬಿಟ್ಟಿಯಾಗಿ ಹಲ್ಲಿನ ಸೆಟ್ಟು ಕಟ್ಟಿಸುವ ದಂತಭಾಗ್ಯ. ಅನ್ನ, ಹಾಲು ಎಲ್ಲ ಕೊಟ್ಟಾದ ಮೇಲೆ ಹಲ್ಲು. ಕ್ರಮಸಂಖ್ಯೆಯಲ್ಲಿ ಹಲ್ಲಿನ ಜಾಗ ಎಲ್ಲೆಂಬುದು ಇದರಲ್ಲೇ ಇದೆ. ಒಳ್ಳೆಯ ಯೋಜನೆಯೇ, ಹಂಗಿಸಬಾರದು. ಆದರೆ ಹಲ್ಲು ಪೂರ್ತಿ ಉದುರುವವರೆಗೆ ಕಾದು, ಆಮೇಲೆ ಭಾಗ್ಯ ಕೊಡುವ ಕ್ರಮದಲ್ಲಿ ಒಂದು ಸರ್ಕಾರಿ ಸೊಬಗಿದೆ.

ಎಲೆಕ್ಟ್ರಾನಿಕ್ ಸಿಟಿಯ ಬಾಯಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಮೂವತ್ತೆರಡೂ ಇರುತ್ತವೆ, ಬೆಳ್ಳಗಿರುತ್ತವೆ, ಅವನ್ನು ಇನ್ನೂ ಬಿಳಿ ಮಾಡಿಸಬೇಕು. ನೇರವಾಗಿರುತ್ತವೆ, ಇನ್ನೂ ನೇರ ಮಾಡಿಸಬೇಕು. ಕಾಣದ ಪ್ಲಾಸ್ಟಿಕ್ ಕವಚಕ್ಕೆ ತಿಂಗಳ ಕಂತು ಕಟ್ಟಿ, ಊಟದ ಹೊತ್ತಿಗೆ ಓಟ್ಸ್ ಸ್ಮೂದಿ ಹೀರುತ್ತಾರೆ. ಅಗಿಯುವುದು ಅವರೂ ಇಲ್ಲ. ಅಜ್ಜಿಗೂ ಟೆಕ್ಕಿಗೂ ಇರುವ ವ್ಯತ್ಯಾಸ ಸ್ಟ್ರಾ ಒಂದೇ.

ಇನ್ನು ಇಂಟರ್ನ್‌ಶಿಪ್ ಮುಗಿಸಿದ ಮೇಲಿನ ಕಥೆ. ಸ್ವಂತ ಕ್ಲಿನಿಕ್ಕಿಗೆ ಕುರ್ಚಿ, ಎಕ್ಸ್‌ರೇ, ಕಂಪ್ರೆಸರ್ ಅಂತ ಸಾಲ ಬೇಕು. ಬೀದಿಯಲ್ಲಿ ಬೇಕರಿಗೊಂದರಂತೆ ಕ್ಲಿನಿಕ್ ಆಗಲೇ ಇದೆ. ಬೇರೆಯವರ ಕ್ಲಿನಿಕ್ಕಿಗೆ ಸೇರಿದರೆ ಬರುವ ಸಂಬಳ ಅಜ್ಜಿಯ ಆಟೋ ಖರ್ಚಿಗೂ ತತ್ವಾರ. ಹಾಗಾಗಿ ಇವನಿಗಿಂತ ಹಿಂದೆ ಪಾಸಾದ ಸೀನಿಯರ್ ಒಬ್ಬ ಎಲ್ಲರೂ ಹೋಗುವ ದಾರಿಯಲ್ಲೇ ಹೋದ. ಅದೇ ಹೊಸೂರು ರಸ್ತೆ, ಅದೇ ಮೆಟ್ರೊ, ಇಳಿಯುವ ಸ್ಟೇಷನ್ ಬೇರೆ. ರಾತ್ರಿ ಪಾಳಿ, ಕೊರಳಲ್ಲಿ ಬ್ಯಾಡ್ಜು, ಮೆಡಿಕಲ್ ಕೋಡಿಂಗ್. ಅಮೆರಿಕದ ಯಾವುದೋ ಊರಿನಲ್ಲಿ ಯಾರದೋ ಹಲ್ಲು ಕಿತ್ತರೆ ಇವನು ಇಲ್ಲಿ ಡಿ 7140 ಅಂತ ಒತ್ತಬೇಕು, ಅಲ್ಲಿನ ವಿಮಾ ಕಂಪನಿ ದುಡ್ಡು ಬಿಡುಗಡೆ ಮಾಡುತ್ತದೆ. ನಮ್ಮ ಹುಡುಗನಿಗೂ ಅಲ್ಲೇ ಒಂದು ಕುರ್ಚಿ ನೋಡಿಟ್ಟಿದ್ದಾನಂತೆ. ಕ್ಯಾಂಟೀನಿನಲ್ಲಿ ಬುಧವಾರ ಮುದ್ದೆಯೂ ಇದೆ ಅಂತ ಆಸೆ ತೋರಿಸಿದ್ದಾನೆ. ಮನೆಯವರು ಆ ಸೀನಿಯರಿನ ಆಫರ್ ಲೆಟರಿನ ನಕಲು ತರಿಸಿಕೊಂಡು, ಓದಿ ಹೇಳಿ ಅಂತ ನನ್ನ ಕೈಗೆ ಕೊಟ್ಟರು. ಸಂಬಳ ಪರವಾಗಿಲ್ಲ, ಕ್ಯಾಬು ಇದೆ, ಇಡೀ ಕುಟುಂಬಕ್ಕೆ ಆರೋಗ್ಯ ವಿಮೆ ಇದೆ. ವಿಮೆಯ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ: ಹಲ್ಲಿನ ಚಿಕಿತ್ಸೆ ಇದರಲ್ಲಿ ಸೇರಿರುವುದಿಲ್ಲ.